ಗೋಡೆಯಾಚೆಯ ಸ್ಟೇಷನ್

ನನ್ನ ಗಂಡ ಓಟ್ಮಾರ್ ಡಿಪ್ಪೋಲ್ಡ್ ಮತ್ತು ಅವನ ತಮ್ಮ ಕಿಲಿಯನ್ ಒಂದೇ ಗೋಡೆಯ ಆಚೆಗೊಬ್ಬ ಈಚೆಗೊಬ್ಬ ಇದ್ದುಕೊಂಡು ಹತ್ತು ವರ್ಷಕ್ಕೂ ಮೀರಿ ಮಾತು ಬಿಟ್ಟಿದ್ದರು. ಮಾತು ಬಿಟ್ಟಿದ್ದರು ಎಂದರೆ ಪೂರ್ತಿ ಸರಿಯಲ್ಲ. ಶನಿವಾರ ಮಧ್ಯಾಹ್ನ ಎರಡು ನೆಲಮಾಳಿಗೆಗಳ ನಡುವೆ ತಾವೇ ಎಳೆದುಕೊಂಡ, ಹಿಡಿ ತಿರುಗಿಸುವ ಫೋನಿನಲ್ಲಿ ಮಾತಾಡುತ್ತಿದ್ದರು. ಆದರೆ ಆ ಮಾತು ಅವರದಲ್ಲ, ರೈಲಿನದು.

"ಮೂವತ್ತನಾಲ್ಕು ಬರಬಹುದೇ?" ಎಂದು ನನ್ನ ಗಂಡ ಕೇಳುವನು.

"ಮೂವತ್ತನಾಲ್ಕು ಬರಲಿ," ಎಂದು ತಮ್ಮ ಹೇಳುವನು.

ಆಗ ಮೂವತ್ತನಾಲ್ಕನೇ ನಂಬರಿನ ಆಟದ ರೈಲು, ಗೇಣುದ್ದದ ಇಂಜಿನ್ ಒಂದು, ನಾಲ್ಕು ಡಬ್ಬಿ ಎಳೆದುಕೊಂಡು ನಮ್ಮ ನೆಲಮಾಳಿಗೆಯ ಗೋಡೆಯ ತೂತಿನೊಳಗೆ ನುಗ್ಗಿ, ಅವರ ನೆಲಮಾಳಿಗೆಯಲ್ಲಿ ಹೊರಗೆ ಬರುವುದು. ಸ್ವಲ್ಪ ಹೊತ್ತಿಗೆ ಫೋನು ಗಿರ್ರೆನ್ನುವುದು. "ಮೂವತ್ತನಾಲ್ಕು ಬಂದು ಸೇರಿತು." ಅಷ್ಟೇ. ಹೇಗಿದ್ದೀಯ ಇಲ್ಲ, ಊಟ ಆಯಿತಾ ಇಲ್ಲ. ಅವರಮ್ಮ ತೀರಿಕೊಂಡ ವಾರವೂ ಅಷ್ಟೇ. ಮಣ್ಣು ಮಾಡುವ ಜಾಗದಲ್ಲಿ ಒಬ್ಬ ಆ ಬದಿ, ಒಬ್ಬ ಈ ಬದಿ ನಿಂತಿದ್ದರು. ಶನಿವಾರ ಬಂದಾಗ ಮೂವತ್ತನಾಲ್ಕು ಹೊರಟಿತು, ಸೇರಿತು.

ನಮ್ಮದು ರೈಲ್ವೆಯವರ ಕಾಲೊನಿ. ಒಂದೇ ಮಾಡಿನ ಕೆಳಗೆ ಎರಡೆರಡು ಮನೆ, ನಡುವೆ ಒಂದು ಗೋಡೆ, ಹಿಂದೆ ಆಲೂಗಡ್ಡೆ ಬೆಳೆಯುವಷ್ಟು ತೋಟ. ಅಣ್ಣ ತಮ್ಮ ಇಬ್ಬರೂ ರೈಲ್ವೆಗೆ ಸೇರಿದವರು. ಓಟ್ಮಾರ್ ನಮ್ಮ ಕಣಿವೆಯ ಚಿಕ್ಕ ಲೈನಿನಲ್ಲಿ ಆಲ್ಟೆನ್‌ರೋಟ್ ಸ್ಟೇಷನ್ನಿನ ಕ್ಯಾಬಿನ್ನಿನಲ್ಲಿ ಕೂತು ಲಿವರ್ ಎಳೆದು ಕೈಮರ, ಅಂದರೆ ಸಿಗ್ನಲ್ ಕಂಬದ ಕೈ, ಏಳಿಸುವವನು, ಬೀಳಿಸುವವನು. ಕೈ ಎದ್ದಿದ್ದರೆ ಗಾಡಿ ಬರಬಹುದು, ಅಡ್ಡ ಬಿದ್ದಿದ್ದರೆ ನಿಲ್ಲಬೇಕು. ಕಿಲಿಯನ್ ಅದೇ ಲೈನಿನ ಇಂಜಿನ್ ಡ್ರೈವರ್. ನಾನು ಅದೇ ಲೈನಿನ ಗೇಟ್ ಕಾಯುವವನ ಮಗಳು. ಶಾಲೆಗಿಂತ ಗೇಟಿನ ಹಿಡಿ ತಿರುಗಿಸಿದ್ದೇ ಹೆಚ್ಚು, ಗಂಟೆ ಸದ್ದು ಕೇಳಿಯೇ ಯಾವ ಕಡೆಯಿಂದ ಗಾಡಿ ಬರುತ್ತದೆ ಅನ್ನುವಷ್ಟು ಕಲಿತಿದ್ದೆ. ಅದು ಮುಂದೆ ಉಪಯೋಗಕ್ಕೆ ಬಂತು.

ಅವರಪ್ಪ ಯುದ್ಧಕ್ಕೆ ಮುಂಚೆ ನ್ಯೂರೆಂಬರ್ಗಿನಿಂದ ಕೀಲಿ ಕೊಡುವ ತಗಡಿನ ಇಂಜಿನ್ ಒಂದನ್ನು ತಂದುಕೊಟ್ಟಿದ್ದನಂತೆ. ಮಕ್ಕಳು ಇಬ್ಬರು, ಇಂಜಿನ್ ಒಂದು. ಜಗಳ ಆಗಬಾರದೆಂದು ಒಬ್ಬನನ್ನು ಅಡುಗೆಮನೆಯಲ್ಲಿ, ಒಬ್ಬನನ್ನು ಮಲಗುವ ಕೋಣೆಯಲ್ಲಿ ಕೂರಿಸಿ, ಕೇಳದೆ ಕಳಿಸಬಾರದು, ಬಂದದ್ದು ಹೇಳದೆ ಇರಬಾರದು ಎಂದು ಅಪ್ಪನೇ ಕಲಿಸಿದ. ಅವನು ಯುದ್ಧದಿಂದ ವಾಪಸು ಬರಲಿಲ್ಲ. ಮಕ್ಕಳು ಆ ಆಟ ಬಿಡಲಿಲ್ಲ.

ಮದುವೆಯಾಗಿ ಇಬ್ಬರಿಗೂ ಅಕ್ಕಪಕ್ಕದ ಮನೆ ಸಿಕ್ಕಿದ ಮೊದಲ ಚಳಿಗಾಲದಲ್ಲೇ ನೆಲಮಾಳಿಗೆಯ ಗೋಡೆಗೆ ಉಳಿ ಹಾಕಿದರು. ಯಾರ ಅಪ್ಪಣೆಯೂ ಇಲ್ಲ. ಮೇಲೆ ನಮ್ಮ ತಟ್ಟೆಗಳು ಅಲ್ಲಾಡುತ್ತಿದ್ದವು. ಹುಳಿಕೋಸು ಹಾಕಿಟ್ಟಿದ್ದ ನನ್ನ ಜಾಡಿಯೊಳಗೆ ಸುಣ್ಣದ ಪುಡಿ ಬಿತ್ತು.

ನನ್ನ ಓರಗಿತ್ತಿ ರೆಟ್ಟಾ ಬೇಲಿ ಹತ್ತಿರ ಬಂದು, "ಇವರು ಮದುವೆ ಆಗಿರೋದು ನಮ್ಮನ್ನಲ್ಲ ಕಣೇ ಕುನಿ, ಆ ಗೋಡೆನ," ಅಂದಳು.

"ಗೋಡೆಯಾದ್ರೂ ಸುಖವಾಗಿರ್ಲಿ ಬಿಡು," ಅಂದೆ.

ಒಂದು ಸಲ ಕಾಲೊನಿಯ ಮನೆ ನೋಡಿಕೊಳ್ಳುವ ಅಧಿಕಾರಿ ಬಂದ. ಕಿಲಿಯನ್ ಸೇಬಿನ ಪೆಟ್ಟಿಗೆಗಳನ್ನು ತೂತಿನ ಮುಂದೆ ಪೇರಿಸಿ, ಮಳೆ, ಇಲಿ, ಬೀರು ಎಲ್ಲ ಮಾತಾಡಿ ಅವನನ್ನು ಸಾಗಹಾಕಿದ. ಓಟ್ಮಾರ್ ಅಷ್ಟು ಹೊತ್ತೂ ತೋಟದ ಮೂಲೆಯಲ್ಲಿ ಮೂಲಂಗಿ ಪಾತಿ ಕೆದಕುತ್ತಾ ನಿಂತಿದ್ದ. "ನನ್ನನ್ನೇ ಕೇಳಿಬಿಟ್ರೆ ತೂತಿದೆ ಅಂತ ಹೇಳ್ಬೇಕಾಗತ್ತೆ," ಅಂದ. ಅವನು ಅಂಥವನು. ಸುಳ್ಳು ಹೇಳಲು ಬಾರದವನು ಎಂದು ಊರೆಲ್ಲ ನಂಬಿತ್ತು. ಅವನೂ ನಂಬಿದ್ದ.

ನಮ್ಮ ಕಡೆ ಆಲ್ಟೆನ್‌ರೋಟ್, ಗೋಡೆಯಾಚೆ ಬೀರ್‌ಬಾಖ್. ನಿಜವಾದ ಲೈನಿನ ಎರಡು ಸ್ಟೇಷನ್ನುಗಳು ಮೇಜಿನ ಮೇಲೆ ಬಂದು ಕೂತವು. ಕಿಲಿಯನ್ ಬೆಟ್ಟ, ಸುರಂಗ ಮಾಡುವುದರಲ್ಲಿ ಗಟ್ಟಿಗ. ಇಂಜಿನ್ನಿನ ಚಿಮಣಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಹೊಗೆ ಬರಿಸುವನು. ಓಟ್ಮಾರನಿಗೆ ಕೈಮರದ ಹುಚ್ಚು. ಹಿತ್ತಾಳೆ ಪಟ್ಟಿ ಕತ್ತರಿಸಿ, ಕೆಂಪು ಬಿಳಿ ಬಳಿದು, ಬೆರಳುದ್ದದ ಕಂಬಕ್ಕೆ ಕೈ ಕೂರಿಸುವನು. ಅಂಗಡಿಯಲ್ಲಿ ಸಿಗುವುದು ಅವನಿಗೆ ಬೇಡ. ನಿಜವಾದ ಕೈಮರದ ಹಾಗೇ ಲಿವರಿನಿಂದ ಕಂಬದವರೆಗೆ ಸಣ್ಣ ತಂತಿ ಎಳೆದಿದ್ದ. ಲಿವರ್ ಹಿಂದಕ್ಕೆ ಹಾಕಿದರೆ ತಂತಿ ಎಳೆದು ಕೈ ಅಡ್ಡ ಬೀಳುವುದು. ಕೈ ಪೂರ್ತಿ ಬಿದ್ದರೆ ಅದರ ಮುಂದಿನ ಹಳಿಗೆ ಕರೆಂಟು ಕಡಿದು ರೈಲು ತಾನಾಗಿ ನಿಲ್ಲುವುದು. ಹೊಲದ ಮಣ್ಣಿಗೆ ನಾನು ಕಾಫಿ ಚರಟ ಒಲೆಯಲ್ಲಿ ಒಣಗಿಸಿ ಕೊಡುತ್ತಿದ್ದೆ. ನಮ್ಮಪ್ಪನ ಗೇಟಿನ ಗುಡಿಸಲನ್ನು ನಾನೇ ಮಾಡಿದೆ, ಹಿಂದೆ ದಾರ ಕಟ್ಟಿ ನನ್ನ ಹಳೇ ಲಂಗದ ಚೂರುಗಳನ್ನು ಬಟ್ಟೆ ಒಣಹಾಕಿದ ಹಾಗೆ ಹಾಕಿದೆ. ಅದನ್ನು ನೋಡಿ ಇಬ್ಬರು ಗಂಡಸರೂ ತಲೆ ತಲೆ ತಾಗಿಸಿ ನಕ್ಕಿದ್ದು ನೆನಪಿದೆ. ರೈಲು ಆ ಬಟ್ಟೆಗಳ ಪಕ್ಕ ಹಾದುಹೋದರೆ ಅವು ಸ್ವಲ್ಪ ಅಲ್ಲಾಡುತ್ತಿದ್ದವು. ಬಿಸಿ ಎಣ್ಣೆಯ ವಾಸನೆ, ಹಳಿಯ ಟಕಟಕ, ಗೋಡೆಯಾಚೆಯಿಂದ ಕಿಲಿಯನ್ನನ ಸಿಳ್ಳೆ. ನನ್ನ ಪ್ರಾಯದ ಸುಖವೆಂದರೆ ಬಹುಪಾಲು ಅದೇ.

ಆಮೇಲೆ ಅಕ್ಟೋಬರಿನ ಒಂದು ಮಂಜು ಬಿತ್ತು.

ನಮ್ಮ ಕಣಿವೆಯ ಮಂಜು ಮಧ್ಯಾಹ್ನದವರೆಗೂ ಏಳದು. ಅವತ್ತು ಬೆಳಗ್ಗೆ ಆಲ್ಟೆನ್‌ರೋಟಿನ ಹಳಿಯ ಮೇಲೆ ಮರದ ದಿಮ್ಮಿ ತುಂಬಿದ ಗಾಡಿ ನಿಂತಿತ್ತು. ಅದಕ್ಕೇ ಓಟ್ಮಾರ್ ಊರಾಚೆಯ ಕೈಮರ ಬೀಳಿಸಲು ಲಿವರ್ ಹಿಂದಕ್ಕೆ ಹಾಕಿದ್ದ. ಕಿಲಿಯನ್ ಓಡಿಸುತ್ತಿದ್ದ ಪ್ಯಾಸೆಂಜರ್ ಆ ಕೈಮರ ದಾಟಿ ಬಂದುಬಿಟ್ಟಿತು. ದಿಮ್ಮಿ ಗಾಡಿಗೆ ಒಂದು ಮಾರು ದೂರದಲ್ಲಿ ನಿಂತಿತು. ಯಾರಿಗೂ ಗಾಯವಿಲ್ಲ. ಒಳಗಿದ್ದವರಿಗೆ ಬ್ರೇಕು ಜೋರಾಗಿ ಬಿತ್ತು ಅನ್ನುವುದಷ್ಟೇ ಗೊತ್ತು. ಗಾರ್ಡ್ ಕೊನೆಯ ಡಬ್ಬಿಯಲ್ಲಿದ್ದ, ಅವನಿಗೆ ಮಂಜಲ್ಲದೆ ಬೇರೇನೂ ಕಂಡಿರಲಿಲ್ಲ.

ಕಿಲಿಯನ್ ಕ್ಯಾಬಿನ್ ಹತ್ತಿ ಬಂದು ಹೇಳಿದನಂತೆ, "ಕೈ ಅರ್ಧಕ್ಕೆ ನಿಂತಿತ್ತು ಓಟ್ಮಾರ್. ಎದ್ದೂ ಇರ್ಲಿಲ್ಲ, ಬಿದ್ದೂ ಇರ್ಲಿಲ್ಲ. ತಂತಿ ಸಡಿಲ ಆಗಿದೆ, ನೋಡ್ಸು."

"ಲಿವರ್ ಹಾಕಿದೀನಿ."

"ಲಿವರ್ ಇಲ್ಲಿದೆ. ಕೈ ಅಲ್ಲಿದೆ."

ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಓಟ್ಮಾರ್ ಮೇಲಕ್ಕೆ ತಿಳಿಸಿದ. ಅವನ ಪಾಲಿಗೆ ತಿಳಿಸದೆ ಇರುವುದು ಅನ್ನುವುದೊಂದು ಇರಲೇ ಇಲ್ಲ. ತಮ್ಮನೂ ಅದಕ್ಕೆ ಅಷ್ಟಾಗಿ ಸಿಟ್ಟಾಗಲಿಲ್ಲ, ಅಣ್ಣನ ಸ್ವಭಾವ ಗೊತ್ತಿದ್ದವನು. ಸಿಟ್ಟು ಬಂದದ್ದು ವಿಚಾರಣೆಯ ದಿನ. ಅಧಿಕಾರಿಗಳು ಆಮೇಲೆ ಬಂದು ಪರೀಕ್ಷೆ ಮಾಡಿದಾಗ ಕೈ ಸರಿಯಾಗಿಯೇ ಬಿದ್ದಿತ್ತು. ಹಾಗಾಗಿ ಉಳಿದದ್ದು ಒಂದೇ ಪ್ರಶ್ನೆ. ಇನ್‌ಸ್ಪೆಕ್ಟರ್ ಕೇಳಿದ, "ಕೈ ಬಿದ್ದಿದ್ದನ್ನು ನೀವು ಕಣ್ಣಾರೆ ನೋಡಿದಿರಾ?"

"ನೋಡಿದೆ," ಅಂದ ನನ್ನ ಗಂಡ.

ಅಣ್ಣನೇ ನೋಡಿದೆ ಅಂದಮೇಲೆ ತಮ್ಮನ ಮಾತು ಯಾರು ಕೇಳುತ್ತಾರೆ? ಕಿಲಿಯನ್ನನನ್ನು ಇಂಜಿನ್ನಿನಿಂದ ಇಳಿಸಿದರು. ಶೆಡ್ಡಿನಲ್ಲಿ ಬೂದಿ ಬಾಚುವ ಕೆಲಸ ಕೊಟ್ಟರು, ಆಮೇಲೆ ಲಗೇಜು ಕಿಟಕಿಯಲ್ಲಿ ಕೂರಿಸಿದರು. ಇಂಜಿನ್ ಬಿಟ್ಟ ಡ್ರೈವರ್ ನಮ್ಮ ಕಾಲೊನಿಯಲ್ಲಿ ತಲೆ ಎತ್ತಿ ನಡೆಯಲಾರ. ಬೀರಿನ ಅಂಗಡಿಯಲ್ಲಿ ಡ್ರೈವರುಗಳು ಕೂರುವ ಮೇಜು ಬೇರೆ ಇರುತ್ತದೆ. ಅವನು ಅಲ್ಲಿಗೆ ಹೋಗುವುದನ್ನೇ ಬಿಟ್ಟ.

ಅವತ್ತಿಂದ ಬೇಲಿಯ ಹತ್ತಿರ ಮುಖ ನೋಡಿದರೂ ಮಾತಿಲ್ಲ. ಮುಂದಿನ ಶನಿವಾರ ತೂತು ಮುಚ್ಚಿಬಿಡುತ್ತಾರೆ ಅಂದುಕೊಂಡೆ. ಕಾಫಿ ತೆಗೆದುಕೊಂಡು ಕೆಳಗಿಳಿದರೆ ಓಟ್ಮಾರ್ ಫೋನಿನ ಮುಂದೆ ಕೈ ಮಡಚಿ ಕೂತಿದ್ದ. ಫೋನು ಗಿರ್ರೆಂದಿತು.

"ಮೂವತ್ತೈದು ಬರಬಹುದೇ?" ತಮ್ಮನ ದನಿ. ಅವನ ಕಡೆಯಿಂದ ಬರುವ ಗಾಡಿ ಮೂವತ್ತೈದು.

"ಮೂವತ್ತೈದು ಬರಲಿ."

ಅಷ್ಟೇ ಉಳಿಯಿತು. ವರ್ಷಗಟ್ಟಲೆ ಅಷ್ಟೇ ಉಳಿಯಿತು. ನಡುವೆ ನಿಜವಾದ ಲೈನೇ ಮುಚ್ಚಿಹೋಯಿತು. ಹಳಿ ಕಿತ್ತರು, ಕೈಮರ ಕಡಿದು ಗುಜರಿಗೆ ಹಾಕಿದರು, ಆ ದಾರಿಯಲ್ಲಿ ಈಗ ಜನ ಸೈಕಲ್ ಹೊಡೆಯುತ್ತಾರೆ. ಆಲ್ಟೆನ್‌ರೋಟ್ ಬೀರ್‌ಬಾಖ್ ನಡುವೆ ರೈಲು ಓಡುವುದು ನಮ್ಮ ನೆಲಮಾಳಿಗೆಯಲ್ಲಿ ಮಾತ್ರ ಎನ್ನುವ ಹಾಗಾಯಿತು.

ನಾವು ಹೆಂಗಸರು ಮಾತು ಬಿಟ್ಟಿರಲಿಲ್ಲ. ರೆಟ್ಟಾ ಬಟ್ಟೆ ಒಣಹಾಕುತ್ತಾ ಹೇಳುವಳು, "ನಿನ್ನ ಗಂಡ ಸತ್ರೆ ಸ್ವರ್ಗದ ಬಾಗಿಲಲ್ಲೂ ಬರಬಹುದೇ ಅಂತ ಕೇಳಿ ನಿಂತಿರ್ತಾನೆ ನೋಡು."

"ನಿನ್ನ ಗಂಡ ಒಳಗಿದ್ರೆ ಬರಲಿ ಅಂತಾನಾ?"

ಅವಳು ಬಟ್ಟೆ ಕೊಡವಿದಳು. "ಗೊತ್ತಿಲ್ಲ ಕುನಿ. ಇವನು ನಿದ್ದೆಯಲ್ಲೂ ಅರ್ಧಕ್ಕಿತ್ತು ಅಂತಾನೆ. ಅದೊಂದು ಮಾತು ಅವನನ್ನ ಇಲಿ ಕೊರೆದ ಹಾಗೆ ಕೊರೀತಿದೆ. ಯಾರಾದ್ರೂ ಒಬ್ಬರು ಹೌದು ಅಂದ್ರೆ ಸಾಕಾಗಿತ್ತು."

ಆ ಒಬ್ಬರು ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಓಟ್ಮಾರ್ ಕೆಲಸದಿಂದ ನಿವೃತ್ತನಾದ ಮೇಲೆ ಕಾಲೊನಿಯ ಮನೆಗಳಿಗೆಲ್ಲ ಹೊಸ ಎಣ್ಣೆ ಬಾಯ್ಲರ್ ಬಂತು. ಬಿಸಿನೀರಿನ ಕೊಳವೆ ನಮ್ಮ ಆಲ್ಟೆನ್‌ರೋಟಿನ ಮೇಜಿನ ಕೆಳಗೇ ಹಾದುಹೋಯಿತು. ಆ ಚಳಿಗಾಲದ ಒಂದು ಶನಿವಾರ ನಾನು ಪ್ಲಮ್ ಕೇಕು, ಕಾಫಿ ತಟ್ಟೆಯಲ್ಲಿಟ್ಟುಕೊಂಡು ಇಳಿದೆ. ಹಳಿಯ ಮೇಲೆ ದಿಮ್ಮಿ ಗಾಡಿ ನಿಂತಿತ್ತು. ಓಟ್ಮಾರ್ ಲಿವರ್ ಹಿಂದಕ್ಕೆ ಹಾಕಿ, ಕಪ್ಪಿಗೆ ಕೈ ಚಾಚಿದ. ಗೋಡೆಯಿಂದ ಮೂವತ್ತೈದು ಹೊರಬಂತು. ಕೈಮರದ ಹತ್ತಿರ ನಿಲ್ಲಬೇಕು. ನಿಲ್ಲಲಿಲ್ಲ. ಸೀದಾ ಬಂದು ದಿಮ್ಮಿ ಗಾಡಿಗೆ ಗುದ್ದಿ, ಇಂಜಿನ್ ಹೊರಳಿ, ನನ್ನ ಗೇಟಿನ ಗುಡಿಸಲ ಮೇಲೆ ಮಗುಚಿಬಿತ್ತು. ಚಕ್ರ ಸ್ವಲ್ಪ ಹೊತ್ತು ಗಾಳಿಯಲ್ಲಿ ತಿರುಗಿತು.

"ಕರೆಂಟು ತೆಗಿ," ಅಂದೆ.

ಅವನು ತೆಗೆಯಲಿಲ್ಲ. ಲಿವರನ್ನೇ ನೋಡುತ್ತಿದ್ದ. "ಹಿಂದಕ್ಕೇ ಇದೆಯಲ್ಲ ಕುನಿ. ನೋಡು, ಹಿಂದಕ್ಕೇ ಇದೆ."

ನಾನು ಬಗ್ಗಿ ಕಂಬ ನೋಡಿದೆ. ಬಿಸಿಗೆ ತಂತಿ ಹಿಗ್ಗಿ ಜೋಲುಬಿದ್ದಿತ್ತು. ಕೈ ಎದ್ದೂ ಇರಲಿಲ್ಲ, ಬಿದ್ದೂ ಇರಲಿಲ್ಲ. ಅರ್ಧಕ್ಕೆ ನಿಂತಿತ್ತು. ಅದಕ್ಕೇ ಕರೆಂಟು ಕಡಿದಿರಲಿಲ್ಲ.

ಅವನೂ ಬಗ್ಗಿದ, ಕನ್ನಡಕ ಹಾಕಿಕೊಂಡು ನೋಡಿದ, ಕನ್ನಡಕ ತೆಗೆದು ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟ.

"ಓಟ್ಮಾರ್," ಅಂದೆ. "ಅವತ್ತು ಕೈ ನೋಡಿದ್ಯಾ?"

"ಲಿವರ್ ನೋಡಿದೆ."

"ನಾನು ಕೇಳಿದ್ದು ಕೈ."

"ಮಂಜಿತ್ತು. ಕ್ಯಾಬಿನ್ನಿಂದ ಪ್ಲಾಟ್‌ಫಾರ್ಮೇ ಕಾಣ್ತಿರ್ಲಿಲ್ಲ." ಕನ್ನಡಕ ಮಡಚುತ್ತಾ ಹೇಳಿದ, "ಅಷ್ಟು ವರ್ಷ ಲಿವರ್ ಹಾಕಿದ ಪ್ರತಿ ಸಲ ಕೈ ಬಿದ್ದಿದೆ. ಲಿವರ್ ಅಂದ್ರೆ ಕೈಯೇ ಕುನಿ. ನೋಡಿದೆ ಅಂದಾಗ ನಾನು ಸುಳ್ಳು ಹೇಳ್ತಿದೀನಿ ಅಂತ ನನಗೆ ಅನ್ನಿಸ್ಲೇ ಇಲ್ಲ."

ಅವನ ಥರದವರು ಮಾಡುವ ತಪ್ಪು ಇದು. ಬೇರೆಯವರಾಗಿದ್ದರೆ ಕಾಣಲಿಲ್ಲ ಸ್ವಾಮಿ, ಮಂಜಿತ್ತು ಅನ್ನುತ್ತಿದ್ದರು. ತನ್ನ ಕೈಯಲ್ಲಿನ ಲಿವರನ್ನು ಅಷ್ಟು ನಂಬಿದವನು ಮಾತ್ರ ಮಂಜಿನಲ್ಲೂ ನೋಡಿದೆ ಅನ್ನಬಲ್ಲ.

ಫೋನು ಗಿರ್ರೆಂದಿತು. ಮೂವತ್ತೈದು ಸೇರಿದ ಸುದ್ದಿ ಬಂದಿಲ್ಲವೆಂದು ತಮ್ಮ ಹಿಡಿ ತಿರುಗಿಸುತ್ತಿದ್ದ. ಸುದ್ದಿ ಹೇಳುವವರೆಗೂ ಲೈನು ಕಟ್ಟಿಕೊಂಡಿರುತ್ತದೆ, ಮುಂದಿನ ಗಾಡಿ ಬಿಡುವಂತಿಲ್ಲ. ಓಟ್ಮಾರ್ ಫೋನು ಎತ್ತಿದ. ಬಾಯಿ ತೆರೆದ. ಹೇಳಲು ಒಳ್ಳೆಯ ಹೊತ್ತು ಅದಕ್ಕಿಂತ ಇನ್ನೊಂದು ಸಿಗುತ್ತಿರಲಿಲ್ಲ. ಮಗುಚಿಬಿದ್ದ ಇಂಜಿನ್ ಕಡೆ ನೋಡಿಕೊಂಡು, "ಮೂವತ್ತೈದು ಬಂದು ಸೇರಿತು," ಅಂದು ಇಟ್ಟುಬಿಟ್ಟ.

"ಸೇರಿತಾ?" ಅಂದೆ.

ಅವನು ಮೇಲೆ ಬಂದು ಮಲಗಿಕೊಂಡ. ಕೇಕು ಹಾಗೇ ಇತ್ತು.

ಆಮೇಲಿನ ವಾರಗಳು ಕಷ್ಟದವು. ಊಟಕ್ಕೆ ಕೂತರೆ ಫೋರ್ಕನ್ನು ಆಲೂಗಡ್ಡೆ ಉಂಡೆಗೆ ಚುಚ್ಚಿಟ್ಟು ತನ್ನೊಂದಿಗೆ ತಾನೇ ವಾದ ಮಾಡುವನು. "ಅರ್ಧ ಇದ್ರೂ ನಿಲ್ಲಿಸ್ಬೇಕಿತ್ತು. ರೂಲು ಹಾಗೇ ಇದೆ. ಸಂಶಯ ಬಂದ್ರೆ ನಿಲ್ಲಿಸು ಅಂತ."

"ಹಾಗಾದ್ರೆ ಅರ್ಧ ಇದ್ದಿರಬಹುದು ಅಂತ ನೀನು ಹೇಳಿದ್ರೆ ಏನು ಹೋಗ್ತಿತ್ತು? ಬೈದು, ಆರು ತಿಂಗಳಲ್ಲಿ ಇಂಜಿನ್ ಹತ್ತಿಸೋರು."

"ಗೊತ್ತು."

"ಗೊತ್ತಿದ್ರೆ ಹೋಗಿ ಹೇಳು. ಬಾಗಿಲಿಂದ ಬಾಗಿಲಿಗೆ ನಾಲ್ಕು ಹೆಜ್ಜೆ."

"ಮೊದಲು ಹೇಳ್ಬೇಕಾದ ಕಡೆ ಹೇಳ್ಬೇಕು."

ಭಾನುವಾರದ ಸೂಟು ಹಾಕಿಕೊಂಡು ಬಸ್ಸು ಹತ್ತಿ ದೊಡ್ಡ ಆಫೀಸಿಗೆ ಹೋದ. ಸಂಜೆ ಬಂದವನು ಟೋಪಿ ತೆಗೆಯದೆ ಅಡುಗೆಮನೆಯಲ್ಲಿ ಕೂತ. ಅಲ್ಲೊಬ್ಬ ಚಿಕ್ಕ ಪ್ರಾಯದವನು ಕಾಫಿ ತರಿಸಿಕೊಟ್ಟು, ಪೂರ್ತಿ ಕೇಳಿಸಿಕೊಂಡು, "ಡಿಪ್ಪೋಲ್ಡ್ ಅವರೇ, ಆ ಲೈನೇ ಈಗ ಇಲ್ಲವಲ್ಲ. ತಿದ್ದೋದು ಎಲ್ಲಿ?" ಅಂದನಂತೆ.

"ಒಳ್ಳೆ ಹುಡುಗ," ಅಂದ ಓಟ್ಮಾರ್. "ಬಸ್ ಸ್ಟಾಪಿನವರೆಗೂ ಬಂದು ಬಿಟ್ಟ." ಬೈಸಿಕೊಂಡು ಬಂದಿದ್ದರೆ ಅವನಿಗೆ ಹಗುರಾಗುತ್ತಿತ್ತು ಅನ್ನಿಸಿತು ನನಗೆ.

ಅಷ್ಟಾದರೂ ಪಕ್ಕದ ಬಾಗಿಲು ತಟ್ಟಲು ಅವನಿಂದಾಗಲಿಲ್ಲ. ಎರಡು ಸಲ ಹೊರಟು ಬೇಲಿಯವರೆಗೆ ಹೋಗಿ, ಬೇಲಿಯ ಹಲಗೆ ಅಲ್ಲಾಡಿಸಿ ನೋಡಿ, ಮೊಳೆ ಬೇಕು ಅಂತ ವಾಪಸು ಬಂದ. ಕೊನೆಗೆ ಶನಿವಾರ ಬಂತು. ನಾನೂ ಕೆಳಗೆ ಹೋಗಿ ಕೂತೆ, ಹೆಣಿಗೆ ಹಿಡಿದುಕೊಂಡು. ಅವನು ಫೋನಿನ ಹಿಡಿ ತಿರುಗಿಸಿದ.

"ಮೂವತ್ತನಾಲ್ಕು ಬರಬಹುದೇ?"

"ಮೂವ..." ಎಂದು ತಮ್ಮ ಶುರುಮಾಡಿದ.

"ತಡಿ ಕಿಲಿಯನ್," ಅಂದ ನನ್ನ ಗಂಡ. ಅವನ ಕುತ್ತಿಗೆ ಕೆಂಪಾಗಿತ್ತು. "ಅವತ್ತು ಮಂಜಲ್ಲಿ ನಾನು ಕೈ ನೋಡಲಿಲ್ಲ. ಲಿವರ್ ನೋಡಿದೆ. ಕೈ ನೋಡಿದೆ ಅಂತ ಹೇಳಿದೆ. ಅದು ಸರಿಯಲ್ಲ."

ಗೋಡೆಯಾಚೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ತೂತಿನಿಂದ ಕೇಳಿಸುತ್ತಿತ್ತು. ನಾನು ಹೆಣಿಗೆ ನಿಲ್ಲಿಸಿದೆ.

"ಇಲ್ಲ, ಕಾಯಬೇಕು," ಅಂದ ಕಿಲಿಯನ್.

ಗೇಟಿನವನ ಮಗಳಾದ ನನಗೂ ಆ ಮಾತು ಗೊತ್ತು. ಹಳಿ ಖಾಲಿ ಇಲ್ಲದಿದ್ದರೆ ಹಾಗೆ ಹೇಳಬೇಕು. ಹಾಗೆ ಹೇಳಿದವನೇ ಹಳಿ ಖಾಲಿಯಾದ ಮೇಲೆ ಮತ್ತೆ ಫೋನು ಮಾಡಿ, ಈಗ ಬರಲಿ ಅನ್ನಬೇಕು. ಅಲ್ಲಿಯವರೆಗೆ ಈಚೆಯವನು ಮತ್ತೆ ಕೇಳುವ ಹಾಗಿಲ್ಲ.

ಓಟ್ಮಾರ್ ಫೋನು ಇಟ್ಟ. "ಕಾಯಬೇಕಂತೆ," ಅಂದ, ನನಗೆ ಕೇಳಿಸಿಲ್ಲವೆಂಬಂತೆ.

"ಅದೊಂದು ಆಟದ ಮಾತು. ಎದ್ದು ಹೋಗಿ ಬಾಗಿಲು ತಟ್ಟು."

"ಬೇಡ ಅಂದಿಲ್ಲ ಅವನು. ಕಾಯಬೇಕು ಅಂದಿದಾನೆ."

ಕಾದ. ಮೂವತ್ತನಾಲ್ಕು ಹೊರಡುವ ಹಳಿಯ ಮೇಲೇ ನಿಂತಿತು. ಶನಿವಾರ ಊಟ ಮುಗಿದ ಕೂಡಲೆ ಕೆಳಗಿಳಿದು ಫೋನಿನ ಮುಂದೆ ಕೂರುವನು, ಕತ್ತಲಾಗುವ ಹೊತ್ತಿಗೆ ಮೇಲೆ ಬರುವನು. ಡಬ್ಬಿಗಳ ಮೇಲೆ ಧೂಳು ಕೂತರೆ ಬ್ರಷ್ಷಿನಿಂದ ಗುಡಿಸುವನು, ಒಂದು ಗೆರೆಯಷ್ಟೂ ಮುಂದೆ ತಳ್ಳುತ್ತಿರಲಿಲ್ಲ. ತಂತಿಗೆ ಬಿಗಿ ಮಾಡುವ ಸ್ಪ್ರಿಂಗು ಹಾಕಿದ. ಕ್ರಿಸ್ಮಸ್ ಬಂತು. ಬೇರೆ ವರ್ಷ ಕ್ರಿಸ್ಮಸ್ಸಿಗೆ ಸಿಹಿ ತುಂಬಿದ ಡಬ್ಬಿಯೊಂದು ಗೋಡೆಯಾಚೆ ಹೋಗಿ, ಇನ್ನೊಂದು ಈಚೆ ಬರುತ್ತಿತ್ತು. ಜಗಳದ ವರ್ಷಗಳಲ್ಲೂ ಅದು ನಿಂತಿರಲಿಲ್ಲ. ಆ ವರ್ಷ ನಿಂತಿತು. ಶುಂಠಿ ಬಿಸ್ಕತ್ತು ತಗಡಿನ ಡಬ್ಬದಲ್ಲೇ ಗಟ್ಟಿಯಾಯಿತು.

ನಾನು ಬೇಲಿಯ ಹತ್ತಿರ ರೆಟ್ಟಾಳಿಗೆ ಹೇಳಿದೆ, "ಹೇಳಿದ್ನಲ್ಲ ಇವನು. ಇನ್ನೇನು ಬೇಕು ನಿನ್ನ ಗಂಡನಿಗೆ?"

"ಅವನೂ ಕೆಳಗೆ ಹೋಗಿ ಕೂರ್ತಾನೆ ಕಣೇ. ಫೋನಿನ ಮುಂದೆ. ನಾನು ಕೇಳಿದ್ರೆ ಲೈನು ಖಾಲಿ ಇಲ್ಲ ಅಂತಾನೆ. ಇಂಜಿನ್ ಬಿಟ್ಟು ಬೂದಿ ಬಾಚಿದ ವರ್ಷಗಳೆಲ್ಲ ಲೈನಿನ ಮೇಲೆ ನಿಂತಿವೆ, ಒಂದೊಂದೇ ತೆಗೀಬೇಕು ಅಂತಾನೆ." ಅವಳು ಮೂಗು ಒರೆಸಿಕೊಂಡಳು. "ಇಬ್ಬರನ್ನೂ ಒಟ್ಟಿಗೆ ಕಟ್ಟಿ ಸೌದೆಯಲ್ಲಿ ಹೊಡೀಬೇಕು."

"ಸೌದೆ ನಾನು ತರ್ತೀನಿ."

ಫೆಬ್ರವರಿಯಲ್ಲಿ ಓಟ್ಮಾರನ ಎದೆ ಕೆಟ್ಟಿತು. ಮೊದಲು ಕೆಮ್ಮು, ಆಮೇಲೆ ಜ್ವರ, ಆಮೇಲೆ ಹೃದಯವೂ ದಣಿದಿದೆ ಎಂದರು ಡಾಕ್ಟರು. ಆಸ್ಪತ್ರೆಯಿಂದ ಮನೆಗೆ ಕಳಿಸಿದಾಗ ಮೆಟ್ಟಿಲು ಇಳಿಯಬಾರದು ಎಂದು ಕಟ್ಟುನಿಟ್ಟು. ಶನಿವಾರ ಬಂದರೆ ಮಂಚದ ಮೇಲೆ ಹೊರಳಾಡುವನು.

"ಫೋನು ಬಂದ್ರೆ ಕೇಳಿಸುತ್ತಾ ಇಲ್ಲಿಗೆ?"

"ಕೇಳಿಸುತ್ತೆ. ನೆಲಮಾಳಿಗೆ ಬಾಗಿಲು ತೆಗೆದಿಟ್ಟಿದೀನಿ."

"ನೀನು ಕೆಳಗೆ ಹೋಗಿ ಕೂರು."

"ನಿನಗೆ ಸೂಪು ಯಾರು ಕೊಡ್ತಾರೆ?"

"ಸೂಪು ಕಾಯುತ್ತೆ."

ಹೀಗೆ ಆಲ್ಟೆನ್‌ರೋಟ್ ಸ್ಟೇಷನ್ನಿನಲ್ಲಿ ನಾನು ಕೂತೆ, ಹೆಣಿಗೆ ಹಿಡಿದು. ಕೆಲವು ಶನಿವಾರ ಬರೀ ಹೆಣಿಗೆಯಾಯಿತು. ಹಿಮ ಕರಗಿ ತೋಟದಲ್ಲಿ ನೀರು ನಿಂತ ದಿನ ಫೋನು ಗಿರ್ರೆಂದಿತು. ಹೆಣಿಗೆ ಬದಿಗಿಟ್ಟು ಫೋನು ಎತ್ತಿದೆ.

"ಈಗ ಮೂವತ್ತನಾಲ್ಕು ಬರಲಿ," ಅಂದ ಕಿಲಿಯನ್.

ನಮ್ಮಪ್ಪನ ಗೇಟಿನ ಮನೆಯಲ್ಲಿ ನಿಂತ ಹಾಗೆ ಬೆನ್ನು ನೆಟ್ಟಗಾಯಿತು ನನಗೆ. "ಮೂವತ್ತನಾಲ್ಕು ಹೊರಟಿತು," ಅಂದೆ. ಗುಂಡಿ ಮೆಲ್ಲಗೆ ತಿರುಗಿಸಿದೆ. ತಿಂಗಳುಗಟ್ಟಲೆ ನಿಂತಿದ್ದ ಇಂಜಿನ್ ಮೊದಲು ನಡುಗಿತು, ಆಮೇಲೆ ಎಳೆಯಿತು, ಒಣಹಾಕಿದ ಬಟ್ಟೆಗಳ ಪಕ್ಕ ಹಾದು ಗೋಡೆಯೊಳಗೆ ಹೋಯಿತು.

ಬಂದು ಸೇರಿತು ಎನ್ನುವ ಮಾತಿಗೆ ಕಾದೆ. ಬಂದದ್ದು ಬೇರೆ ಮಾತು.

"ಕುನಿ, ನೀನ್ಯಾಕೆ ಕೂತಿದೀಯ? ಅವನೆಲ್ಲಿ?"

ಕಾಯಿಲೆ ಅಂತ ರೆಟ್ಟಾ ಹೇಳಿದ್ದಳು ಅವನಿಗೆ. ಮೆಟ್ಟಿಲು ಇಳಿಯಲಾರದಷ್ಟು ಎಂದು ಹೇಳಿರಲಿಲ್ಲ, ಹೇಳಿದ್ದರೂ ಅವನು ತಲೆಗೆ ಹಾಕಿಕೊಂಡಿರಲಿಲ್ಲ.

"ಮೇಲೆ ಮಲಗಿದಾನೆ. ಇನ್ನು ಕೆಳಗೆ ಬರೋದು ಇಲ್ಲ ಅನ್ಸುತ್ತೆ," ಅಂದೆ.

ಅವನು ಫೋನು ಇಟ್ಟ ಸದ್ದು ತೂತಿನಿಂದ ಕೇಳಿತು, ಅವನ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿತು, ಆಮೇಲೆ ನಮ್ಮ ಮುಂಬಾಗಿಲು ಸದ್ದಾಯಿತು. ಮನೆಯೊಳಗಿನ ಚಪ್ಪಲಿಯಲ್ಲೇ ಕೆಸರು ತುಳಿದುಕೊಂಡು ಬಂದಿದ್ದ. ನಾನು ಮೇಲೆ ಹತ್ತಿ ಬರುವ ಹೊತ್ತಿಗೆ ಮಲಗುವ ಕೋಣೆಯ ಬಾಗಿಲಲ್ಲಿ ನಿಂತಿದ್ದ.

ಓಟ್ಮಾರ್ ದಿಂಬಿನ ಮೇಲೆ ತಲೆ ತಿರುಗಿಸಿದ. "ಬಂತಾ?"

"ಬಂದು ಸೇರಿತು," ಅಂದ ತಮ್ಮ. "ನಿನ್ನ ಹೆಂಡತಿ ನಿನಗಿಂತ ಮೆತ್ತಗೆ ಕಳಿಸ್ತಾಳೆ."

"ಹ್ಞೂಂ. ಗೇಟಿನವಳಲ್ವಾ."

ಆಮೇಲೆ ಕಿಲಿಯನ್ ಹತ್ತಿರ ಬಂದ. "ಅರ್ಧಕ್ಕಿತ್ತು ಓಟ್ಮಾರ್. ಕೈ ಅರ್ಧಕ್ಕಿತ್ತು."

"ಇದ್ದಿರಬಹುದು."

"ಇದ್ದಿರಬಹುದು ಅಲ್ಲ. ಇತ್ತು. ಇತ್ತು ಅಂತ ಒಂದು ಸಲ ಹೇಳಿಬಿಡು. ಅಷ್ಟೇ ಬೇಕು ನನಗೆ."

ಹೇಳಿಬಿಡು ಮಾರಾಯ, ಎಂದು ನಾನು ಬಾಗಿಲ ಹತ್ತಿರ ಏಪ್ರನ್ ಹಿಂಡುತ್ತಾ ನಿಂತಿದ್ದೆ. ಸಾಯುವ ಕಾಲಕ್ಕೆ ಒಂದು ಮಾತು. ಓಟ್ಮಾರನ ಕಣ್ಣಲ್ಲಿ ನೀರು ಬಂತು, ಹರಿದು ಕಿವಿಯ ಹತ್ತಿರ ಹೋಯಿತು.

"ನಾನು ನೋಡ್ಲಿಲ್ಲ ಕಿಲಿಯನ್," ಅಂದ. "ನೋಡದೆ ಒಂದು ಸಲ ಹೇಳಿದೆ. ಇನ್ನೊಂದು ಸಲ ಹೇಳಲಾರೆ."

ಕಿಲಿಯನ್ ಬೆನ್ನು ತಿರುಗಿಸಿ ಹೊರಟೇ ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ನನ್ನ ಕೈಗೆ ಕೊಟ್ಟು ಕೂತ. "ಕತ್ತೆ," ಅಂದ. "ಹುಟ್ಟಿದಾಗಿಂದ ಕತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಇವನಿಗೆ ಸೂಪು ಕೊಟ್ಯಾ?" ಎಂದು ಕೇಳಿದ.

'ನೀನೇ ಕೊಡು' ಎಂದು ಸೂಪಿನ ಬಟ್ಟಲನ್ನು ಅವನ ಕೈಗೇ ಕೊಟ್ಟೆ.

ಓಟ್ಮಾರ್ ಈಸ್ಟರಿಗೆ ಮುಂಚೆ ತೀರಿಕೊಂಡ. ಅಲ್ಲಿಯವರೆಗೆ ಕಿಲಿಯನ್ ದಿನಾ ಬಂದ. ಹೆಚ್ಚು ಮಾತಾಡುತ್ತಿರಲಿಲ್ಲ. ಅರ್ಧಕ್ಕಿತ್ತು ಎನ್ನುವುದನ್ನು ಮತ್ತೆ ಎತ್ತಲಿಲ್ಲ, ಮರೆಯಲೂ ಇಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹೌದು ಎನ್ನುವವರು ಭೂಮಿಯ ಮೇಲೆ ಯಾರೂ ಉಳಿಯಲಿಲ್ಲ ಅವನಿಗೆ. ನಿದ್ದೆಯಲ್ಲಿ ಈಗಲೂ ಗೊಣಗುತ್ತಾನಂತೆ, ರೆಟ್ಟಾ ಹೇಳುತ್ತಾಳೆ.

ತೂತು ಮುಚ್ಚಲಿಲ್ಲ. ಆಲ್ಟೆನ್‌ರೋಟ್ ನನ್ನ ಪಾಲಿಗೆ ಬಂತು. ಶನಿವಾರ ಕಾಫಿ ಕುಡಿದು ಕೆಳಗಿಳಿಯುತ್ತೇನೆ, ಮೊಣಕಾಲು ಬೈಯುತ್ತದೆ. ಕೆಲವು ಸಲ ಹೊಗೆ ಎಣ್ಣೆಯ ವಾಸನೆ ಬಂದಾಗ ಸ್ಟೂಲಿನ ಮೇಲೆ ಬೇರೊಬ್ಬರು ಕೂತಿದ್ದಾರೆ ಅನ್ನಿಸುತ್ತದೆ, ಅನ್ನಿಸಲಿ ಎಂದು ಬಿಡುತ್ತೇನೆ. ಫೋನು ಗಿರ್ರೆನ್ನುತ್ತದೆ. ಕಿಲಿಯನ್ನನ ದನಿ ಈಗ ಮುದಿಯಾಗಿದೆ.

"ಮೂವತ್ತೈದು ಬರಬಹುದೇ?"

"ಮೂವತ್ತೈದು ಬರಲಿ."

ಅಲ್ಲಿಗೆ ಅವನು ಫೋನು ಇಡುವುದಿಲ್ಲ. ಅವರಪ್ಪ ಕಲಿಸದ, ಯಾವ ರೂಲಿನಲ್ಲೂ ಇಲ್ಲದ ಒಂದು ಮಾತು ಸೇರಿಸಿಕೊಂಡಿದ್ದಾನೆ.

"ಕೈ ನೋಡಿದ್ಯಾ ಕುನಿ?"

"ತಡಿ," ಅನ್ನುತ್ತೇನೆ. ಕನ್ನಡಕ ಹಾಕಿಕೊಂಡು, ಮೇಜಿನಂಚು ಹಿಡಿದು, ಸೊಂಟ ಬಗ್ಗಿಸಿ, ಕಂಬದ ಮಟ್ಟಕ್ಕೆ ಕಣ್ಣು ತಂದು ನೋಡುತ್ತೇನೆ. ಅವನು ಆಚೆ ಉಸಿರಾಡುತ್ತಾ ಕಾಯುತ್ತಾನೆ. ನೋಡಿದ ಮೇಲೇ ನೋಡಿದೆ ಅನ್ನುತ್ತೇನೆ.